ಬ್ರಿಟನ್ನಿನಲ್ಲಿ ಮನೆಯ ಬಾಯ್ಲರ್‌ಗೆ ದುರಸ್ತಿ ವಿಮೆ ಮಾಡಿಸಬೇಕೇ?

ಒಂದು ದೊಡ್ಡ ದುರಸ್ತಿಯ ಖರ್ಚನ್ನು ಉಳಿತಾಯದಿಂದ ಭರಿಸಬಲ್ಲವರಿಗೆ ಸಾಮಾನ್ಯವಾಗಿ ಈ ವಿಮೆ ಬೇಕಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವವರಿಗಂತೂ ಅದು ವ್ಯರ್ಥ. 1985ರ ಬಾಡಿಗೆ ಕಾಯ್ದೆಯಂತೆ ಮನೆ ಬಿಸಿಯಾಗಿಡುವ ಮತ್ತು ಬಿಸಿನೀರು ಕೊಡುವ ಬಾಯ್ಲರ್‌ನಂಥ ಸಾಧನಗಳ ದುರಸ್ತಿ ಮಾಲೀಕನ ಹೊಣೆ.

ಉಳಿತಾಯವಿರುವವರಿಗೆ ವಿಮೆ ಬೇಡವೆನ್ನಲು ಕಾರಣವಿಷ್ಟೇ: ನೀವು ಕಟ್ಟುವ ಕಂತಿನಲ್ಲಿ ಸರಾಸರಿ ದುರಸ್ತಿ ವೆಚ್ಚದ ಜೊತೆಗೆ ಕಂಪನಿಯ ನಿರ್ವಹಣಾ ಖರ್ಚು, ಲಾಭ ಹಾಗೂ ವಿಮೆಯ ರೂಪದಲ್ಲಿ ಮಾರುವ ಪಾಲಿಸಿಯಾದರೆ ಶೇ. 12ರಷ್ಟು ವಿಮಾ ತೆರಿಗೆಯೂ ಸೇರಿರುವುದರಿಂದ, ಒಟ್ಟಾರೆ ಗ್ರಾಹಕರು ಪಡೆಯುವುದಕ್ಕಿಂತ ಕೊಡುವುದೇ ಹೆಚ್ಚು. ಆ ಹೆಚ್ಚುವರಿ ಹಣ ನಿಶ್ಚಿಂತೆಯ ಬೆಲೆ. ಜನವರಿಯ ಚಳಿಯಲ್ಲಿ ಮೆಕ್ಯಾನಿಕ್‌ಗಾಗಿ ಹುಡುಕಾಡಲಾಗದ ವೃದ್ಧರಿಗೆ, ಹಸುಗೂಸು ಇರುವ ಮನೆಯವರಿಗೆ, ಆ ಬೆಲೆ ದುಬಾರಿಯೆಂದು ನಾನು ಹೇಳಲಾರೆ.

ಕೊಳ್ಳುವ ಮುನ್ನ ತಯಾರಕರ ವಾರಂಟಿ ಇನ್ನೂ ಉಳಿದಿದೆಯೇ ಎಂದು ನೋಡಿ. ಹೊಸ ಬಾಯ್ಲರ್‌ಗಳಿಗೆ ಅದು ಹಲವು ವರ್ಷ ಇರುತ್ತದೆ, ಆದರೆ ಪ್ರತಿವರ್ಷ ಸರ್ವಿಸ್ ಮಾಡಿಸದಿದ್ದರೆ ರದ್ದಾಗಬಹುದು. ಮನೆವಿಮೆಯಲ್ಲೇ ತುರ್ತು ದುರಸ್ತಿ ಸೇರಿರುವುದೂ ಉಂಟು. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಕೊಳವೆಗಳೊಳಗಿನ ಕೆಸರು, ಮೊದಲೇ ಇದ್ದ ದೋಷ, ಹಳೆಯ ಬಾಯ್ಲರ್ ಇವುಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಹೆಚ್ಚು ಕೈಕೊಡುವ ಹಳೆಯ ಯಂತ್ರಕ್ಕೇ ರಕ್ಷಣೆ ಕಡಿಮೆ ಎಂಬುದು ಇಲ್ಲಿನ ವಿಪರ್ಯಾಸ.

ಕೊರೆಯುವ ಚಳಿಯ ಬೆಳಿಗ್ಗೆ ಬಾಯ್ಲರ್ ನಿಂತರೆ, ಅದರ ತ್ಯಾಜ್ಯನೀರನ್ನು ಗೋಡೆಯಾಚೆ ಸಾಗಿಸುವ ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿರಬಹುದು. ಅದರ ಮೇಲೆ ಕುದಿಯದ, ಬೆಚ್ಚಗಿನ ನೀರು ಸುರಿದು ಬಾಯ್ಲರನ್ನು ಮತ್ತೆ ಚಾಲೂ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.