ಕಪ್ ಗೆದ್ದಿದ್ದೇವೆ, ಆದರೆ ಆರಕ್ಕೆ ಗೇಟು

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ನಿಮ್ಮ ಕಾಡೊಳಗಿನ ಸ್ಕೂಲಲ್ಲೂ ಸ್ಪೋರ್ಟ್ಸು, ಪ್ರತಿಭಾ ಕಾರಂಜಿ ಎಲ್ಲಾ ಮಾಡ್ತಾರೇನೋ? ಅದು ಹೆಚ್ಚೂಕಮ್ಮಿ ಕೇರಳ ಅಲ್ವಾ?" ಅಂತ. ಆಗ ನಾನು ಜೀಪು ಓಡಿಸುತ್ತಿದ್ದೆ. ಕಾಡಿನ ನಡುವೆ ಸಿಗ್ನಲ್ ಹೋಯಿತು. ಸಿಟ್ಟಿಗೆ ಕಟ್ ಮಾಡಿದೆ ಅಂತ ತಿಳಿದುಕೊಳ್ಳಬೇಡ. ಮಾಡಿದ್ದರೂ ತಪ್ಪಿರಲಿಲ್ಲ, ಆ ಮಾತು ಬೇರೆ.

ಡಿ.ಬಿ. ಕುಪ್ಪೆ ಅಂದರೆ ದೊಡ್ಡ ಬೈರನಕುಪ್ಪೆ. ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ. ನಿನ್ನ ಕುವೆಂಪುನಗರದ ಮನೆಯ ಜಿಲ್ಲೆಯೂ ಅದೇ ಕಣೋ. ಕಬಿನಿ ಹೊಳೆಯ ಆಚೆ ದಡ ವಯನಾಡು. ದೋಣಿ ಹತ್ತಿದರೆ ಬೇರೆ ರಾಜ್ಯ. ಎಷ್ಟೋ ಸಲ ಜಗಲಿ ಬಿಟ್ಟು ಅಲ್ಲಾಡದೆ ಕೂತಿದ್ದರೂ ನನ್ನ ಫೋನು "ಕೇರಳಕ್ಕೆ ಸ್ವಾಗತ" ಅನ್ನುತ್ತದೆ. ಫೋನಿಗೆ ಬುದ್ಧಿ ಇಲ್ಲ, ಬಿಡು. ನಿನಗೆ ಇದೆಯಲ್ಲ?

ಶಾಲೆ ಹೇಗಿರುತ್ತೆ ಅಂತ ಹೇಳುವುದಕ್ಕೇನಿದೆ. ಬೆಳಗ್ಗೆ ಪ್ರಾರ್ಥನೆ, ಹಾಲು, ಮಧ್ಯಾಹ್ನ ಬಿಸಿಯೂಟ. ನಿಮ್ಮ ಕಡೆ ಸರ್ಕಾರಿ ಶಾಲೆಯಲ್ಲಿ ಏನಿದೆಯೋ ಅದೇ. ವ್ಯತ್ಯಾಸ ಅಂದರೆ ಕೆಲವು ದಿನ ನಮ್ಮ ಮಕ್ಕಳು ಆಟದ ಮೈದಾನಕ್ಕೆ ಇಳಿಯುವ ಮೊದಲು ಆನೆ ಲದ್ದಿ ಎತ್ತಿ ಹಾಕಬೇಕು. ಪಿ.ಟಿ. ಮೇಷ್ಟ್ರು ಅದಕ್ಕೆ ವಾರ್ಮಪ್ ಅಂತ ಹೆಸರಿಟ್ಟಿದ್ದಾರೆ.

ಇನ್ನೊಂದು ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ಇಟ್ಟುಕೊಂಡರೆ ನಿದ್ದೆ ಬರಲ್ಲ. ನಿನ್ನ ತಂಗಿ ಮಗಳು ಒಂದನೇ ಕ್ಲಾಸಿನಲ್ಲಿ ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು ನಲಿ-ಕಲಿ ಕಲಿಯುತ್ತಿದ್ದಾಳೆ ಅಂತ ನೀನೇ ಹೇಳಿದ್ದೆ. ಆ ನಲಿ-ಕಲಿ ಎಲ್ಲಿ ಶುರುವಾಯಿತು ಗೊತ್ತಾ? ನಮ್ಮ ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಮಾಡಿದರು. ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಅದು ಬಂದದ್ದು 2009ರಲ್ಲಿ. ಅಂದರೆ ಹಿಂದುಳಿದ ತಾಲ್ಲೂಕು ಅಂತ ನೀವು ಅನ್ನುವ ಜಾಗದಿಂದ ನಿಮಗೆ ಪಾಠ ಹದಿನಾಲ್ಕು ವರ್ಷ ತಡವಾಗಿ ಬಂತು. ಸುಮ್ನೆ ಹೇಳಿದೆ ಅಷ್ಟೆ.

ಈಗ ಆಟದ ವಿಚಾರ. ನಮ್ಮ ಹುಡುಗಿಯರದು ಖೋ ಖೋ. ಯಾಕೆ ಅಂದರೆ ಎರಡು ಕಂಬ ನೆಟ್ಟರೆ ಮೈದಾನ ಸಿದ್ಧ. ಬ್ಯಾಟು ಬೇಡ, ನೆಟ್ಟು ಬೇಡ, ಶೂ ಇಲ್ಲದಿದ್ದರೂ ನಡೆಯುತ್ತದೆ. ಹಾಡಿಯ, ಅಂದರೆ ಕಾಡಿನ ಬುಡಕಟ್ಟು ಕೇರಿಯ, ಮಕ್ಕಳು ಓಡುತ್ತಾ ಸರಕ್ಕನೆ ತಿರುಗುವುದನ್ನು ನೀನು ನೋಡಬೇಕು, ಕೈಗೆ ಸಿಗಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ನಮ್ಮ ಮಹಿಳಾ ತಂಡ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿತಲ್ಲ, ಆ ತಂಡದ ಚೈತ್ರಾ ಇದೇ ಜಿಲ್ಲೆಯ ಕುರುಬೂರಿನವರು. ತಿ. ನರಸೀಪುರ ತಾಲ್ಲೂಕು. ಅವತ್ತಿನಿಂದ ನಮ್ಮ ಹುಡುಗಿಯರ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೀ 78-40.

ಪ್ರತಿಭಾ ಕಾರಂಜಿಗೂ ಹೋಗುತ್ತೇವೆ. ಕಂಠಪಾಠ, ಆಶುಭಾಷಣ, ಛದ್ಮವೇಷ, ಎಲ್ಲ. ಒಂದು ವರ್ಷ ಜಾನಪದ ಗೀತೆಗೆ ಜೇನು ಕುರುಬರ ಹುಡುಗಿಯೊಬ್ಬಳು ತನ್ನ ಅಜ್ಜಿ ಹೇಳಿಕೊಟ್ಟ ಹಾಡು ಹಾಡಿದಳು, ಅವರ ನುಡಿಯಲ್ಲೇ. ಮುಂದೆ ಕೂತಿದ್ದ ತೀರ್ಪುಗಾರರೊಬ್ಬರು "ಮಲಯಾಳಂ ಹಾಡಿಗೆ ಇಲ್ಲಿ ಅವಕಾಶ ಇಲ್ಲಮ್ಮ" ಅಂದುಬಿಟ್ಟರು. ಮಗುವಿಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ಅಜ್ಜಿಯ ಹಿರಿಯರು ಈ ಕಾಡಿನಲ್ಲಿದ್ದಾಗ ಕೇರಳವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ ಸ್ವಾಮಿ ಅಂತ ಮೇಡಂ ಎದ್ದು ಹೇಳಿದರು. ಆಮೇಲೆ ಆ ತೀರ್ಪುಗಾರರು ಕ್ಷಮೆ ಕೇಳಿದರು ಅನ್ನು. ಮೂರನೇ ಸ್ಥಾನ ಬಂತು.

ಇವೆಲ್ಲ ಸಣ್ಣ ಗಾಯ, ಮಾಯುತ್ತವೆ. ಮಾಯದೇ ಇರುವುದು ಒಂದಿದೆ. ಗೇಟು.

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾಯುತ್ತದೆ. ದಮ್ಮನಕಟ್ಟೆ ಹತ್ತಿರ ಗೇಟು. ಸಂಜೆ 6ಕ್ಕೆ ಹಾಕಿದರೆ ಬೆಳಗ್ಗೆ 6ಕ್ಕೇ ತೆಗೆಯುವುದು. ಆಸ್ಪತ್ರೆ, ಹೆರಿಗೆ ಅಂದರೆ ಬಿಡುತ್ತಾರೆ. ಕಪ್ ಗೆದ್ದು ಬಂದಿದ್ದೇವೆ ಅಂದರೆ ಬಿಡಲ್ಲ. ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ, ಅದನ್ನು ತಪ್ಪು ತಿಳಿಯಬೇಡ. ರಾತ್ರಿ ಲಾರಿಗಳು ಓಡುತ್ತಿದ್ದಾಗ ಜಿಂಕೆ, ಆನೆ ಮರಿ ಅಂತ ಎಷ್ಟು ಪ್ರಾಣಿ ಸಾಯುತ್ತಿದ್ದವು ಅಂತ ಈ ರಸ್ತೆಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಬಾರಿ ಹೊತ್ತ ಅರ್ಜುನ ಇದ್ದದ್ದೂ ಇದೇ ದಾರಿಯ ಬಳ್ಳೆ ಶಿಬಿರದಲ್ಲಿ. 2012ರಿಂದ 2019ರವರೆಗೆ ಎಂಟು ದಸರಾ. ಟೀವಿಯಲ್ಲಿ ಅವನು ಬಂದಾಗ ನಮ್ಮ ಮಕ್ಕಳು "ನಮ್ಮೂರೋನು" ಅಂತ ಕೂಗುತ್ತಿದ್ದರು. ಪ್ರಾಣಿಗಳ ಮೇಲೆ ನಮಗೇನೂ ಜಗಳ ಇಲ್ಲ.

ಜಗಳ ಇರುವುದು ಮುಖ್ಯ ಅತಿಥಿಗಳ ಜೊತೆ.

ಲೆಕ್ಕ ಹಾಕು. ಕೋಟೆಯಲ್ಲಿ ತಾಲ್ಲೂಕು ಮಟ್ಟ ನಡೆದರೆ ಐದಕ್ಕೆ ಹೊರಡಬೇಕು. ಮೈಸೂರಿನಲ್ಲಿ ಜಿಲ್ಲಾ ಮಟ್ಟ ಆದರೆ ನಾಲ್ಕಕ್ಕೇ. ಆದರೆ ಬಹುಮಾನ ಕೊಡುವವರು ಯಾವತ್ತಾದರೂ ನಾಲ್ಕಕ್ಕೆ ಬಂದದ್ದನ್ನು ನೀನು ನೋಡಿದ್ದೀಯಾ?

ಹೋದ ವರ್ಷ ತಾಲ್ಲೂಕು ಮಟ್ಟದಲ್ಲಿ ನಮ್ಮವರು ಗೆದ್ದರು. ಫೈನಲ್ ಮುಗಿದಾಗ ಮೂರೂವರೆ. ನಾನು ಜೀಪಿನಲ್ಲಿ ನೀರು, ಬಾಳೆಹಣ್ಣು ಎಲ್ಲ ಜೋಡಿಸಿ ಕಾದೆ. ಮೈಕಿನಲ್ಲಿ "ಇನ್ನು ಹತ್ತೇ ನಿಮಿಷದಲ್ಲಿ ಗಣ್ಯರು ವೇದಿಕೆಗೆ ಬರಲಿದ್ದಾರೆ" ಅಂತ ಬಂತು. ನಾಲ್ಕಕ್ಕೂ ಹತ್ತು ನಿಮಿಷ. ನಾಲ್ಕೂವರೆಗೂ ಹತ್ತು ನಿಮಿಷ. ಕೊನೆಗೆ ಬಂದರು. ಆಮೇಲೆ ನಾಡಗೀತೆ, ಸ್ವಾಗತ, ಹಾರ, ಶಾಲು. ಶಾಲು ಹೊದಿಸುವವರು ಜಾಸ್ತಿ, ಹೊದ್ದುಕೊಳ್ಳುವವರು ಅದಕ್ಕಿಂತ ಜಾಸ್ತಿ. ನಾನು ವೇದಿಕೆ ಮೆಟ್ಟಿಲ ಹತ್ತಿರ ಹೋಗಿ, "ಸಾರ್, ನಮ್ಮ ಮಕ್ಕಳಿಗೆ ಮೊದಲು ಕೊಟ್ಟುಬಿಡಿ, ಗೇಟು ಹಾಕ್ತಾರೆ" ಅಂದೆ. "ಅದೆಂಗಾಯ್ತದೆ? ಭಾಷಣ ಆಗದೆ ಬಹುಮಾನ ಕೊಡೋದುಂಟಾ?" ಅಂದರು. "ಅಷ್ಟು ಅರ್ಜೆಂಟ್ ಇದ್ದರೆ ಬೇಗ ಬರಬೇಕಿತ್ತು" ಅಂತ ಇನ್ನೊಬ್ಬರು. ಬೆಳಗ್ಗೆ ಆರಕ್ಕೆ ಗೇಟು ತೆಗೆಯುತ್ತಿದ್ದ ಹಾಗೇ ನುಗ್ಗಿ, ಅವರು ಶಾಮಿಯಾನ ಕಟ್ಟುವ ಮೊದಲೇ ಮೈದಾನದಲ್ಲಿ ಕೂತಿದ್ದವರು ನಾವು.

ಐದು ಗಂಟೆಗೆ ಹೊರಟೆವು. ಹಿಂದೆ ಮೈಕಿನಲ್ಲಿ ಇನ್ನೂ ಪ್ರಾಸ್ತಾವಿಕ ನುಡಿ. ಅಂತರಸಂತೆ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಕ್ಯಾಪ್ಟನ್ ಹುಡುಗಿ ಮುಂದಿನ ಸೀಟಿಗೆ ಬಗ್ಗಿ, "ಅಣ್ಣಾ, ನಮ್ಮ ಸ್ಕೂಲ್ ಹೆಸರು ಕೂಗ್ತಾರಲ್ಲ, ಆಗ ಯಾರೂ ಹೋಗದೇ ಇದ್ರೆ ಏನ್ ಮಾಡ್ತಾರೆ?" ಅಂತ ಕೇಳಿದಳು. ಗೇಟಿಗೆ ಮುಟ್ಟಿದಾಗ ಎಂಟು ನಿಮಿಷ ಬಾಕಿ ಇತ್ತು. ಅವಳಿಗೆ ಉತ್ತರ ಮಾತ್ರ ಕೊಡಲಿಲ್ಲ.

ಏನು ಮಾಡುತ್ತಾರೆ ಅಂತ ಆಮೇಲೆ ಫೋಟೋ ನೋಡಿದಾಗ ಗೊತ್ತಾಯಿತು. ಎರಡನೇ ಸ್ಥಾನದವರು ನಗುತ್ತಾ ನಿಂತಿದ್ದಾರೆ. ಪಕ್ಕದಲ್ಲಿ ನಮ್ಮ ಕಪ್ ಹಿಡಿದುಕೊಂಡು ಯಾರೋ ದೊಡ್ಡವರು. ಕಪ್ ನಮ್ಮ ಊರಿಗೆ ಬಂದದ್ದು ಮೂರು ವಾರ ಆದಮೇಲೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿಕೊಂಡು. ಮುಚ್ಚಳ ಇರಲಿಲ್ಲ. ಈಗಲೂ ಇಲ್ಲ. ನಾವು ಅದರಲ್ಲಿ ಚಾಕ್‌ಪೀಸ್ ಇಡುತ್ತೇವೆ.

ಅಲ್ಲೇ ರಾತ್ರಿ ಉಳಿದರೆ ಆಗಲ್ವಾ ಅಂತ ನೀನು ಕೇಳುತ್ತೀಯ, ಎಲ್ಲರೂ ಕೇಳುತ್ತಾರೆ. ಹೆಣ್ಣುಮಕ್ಕಳು. ಜೊತೆಗೆ ಒಬ್ಬ ಮೇಡಂ ಉಳಿಯಬೇಕು, ಅವರ ಮನೆಯಲ್ಲಿ ಚಿಕ್ಕ ಮಗು. ಪೋಷಕರ ಒಪ್ಪಿಗೆ ಪತ್ರ ಬೇಕು, ಪೋಷಕರು ಹೊಳೆ ಆಚೆ ಶುಂಠಿ ಕೆಲಸಕ್ಕೆ ಹೋಗಿರುತ್ತಾರೆ. ಊಟ, ಮಲಗುವ ಜಾಗ, ಮಾರನೇ ದಿನದ ಡೀಸೆಲ್. ಜಿಲ್ಲಾ ಮಟ್ಟಕ್ಕೆ ಒಂದು ಸಲ ಹೀಗೇ ಉಳಿದೆವು. ಆಗಿದ್ದ ಖರ್ಚು ತೀರಿಸಲಾಗದೆ ಮೇಷ್ಟ್ರು ಎರಡು ತಿಂಗಳು ನನ್ನ ಕಣ್ಣು ತಪ್ಪಿಸಿ ಓಡಾಡಿದರು, ಪಾಪ. ನಾನು ಕೇಳಿರಲೇ ಇಲ್ಲ.

ಓದಿನಲ್ಲಿ ಈ ತೊಂದರೆ ಇಲ್ಲ, ಅದೊಂದು ಪುಣ್ಯ. ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾಗಿ ಪಟ್ಟಿಯಲ್ಲಿ ಹೆಸರು ಬಂದರೆ ವರ್ಷಕ್ಕೆ 12,000 ರೂಪಾಯಿ, ಪಿಯುಸಿ ಮುಗಿಯುವವರೆಗೆ. ದುಡ್ಡು ನೇರ ಬ್ಯಾಂಕಿಗೆ ಬೀಳುತ್ತದೆ. ಶಾಲೂ ಇಲ್ಲ, ಹಾರವೂ ಇಲ್ಲ, ಗೇಟಿನ ಭಯವೂ ಇಲ್ಲ. ನನ್ನ ಮಗಳೂ ಈ ಸಲ ಬರೆಯುತ್ತಾಳೆ.

ಸರಿ, ಇಷ್ಟೆಲ್ಲ ಬರೆದದ್ದು ಒಂದು ಕೆಲಸಕ್ಕೆ. ಈ ಸಲವೂ ತಾಲ್ಲೂಕಿನಲ್ಲಿ ಗೆದ್ದಿದ್ದೇವೆ, ಮುಂದಿನ ಶನಿವಾರ ಮೈಸೂರಿನಲ್ಲಿ ಜಿಲ್ಲಾ ಮಟ್ಟ. ಚಾಮುಂಡಿ ವಿಹಾರ ಕ್ರೀಡಾಂಗಣ. ನಾವು ನಾಲ್ಕಕ್ಕೆ ಹೊರಟುಬಿಡುತ್ತೇವೆ. ನೀನು ಐದಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತುಕೋ. ನಮ್ಮ ಶಾಲೆಯ ಹೆಸರು ಕೂಗಿದರೆ ಎದ್ದು ಹೋಗಿ ಈಸ್ಕೋ. ಯಾರು ನೀವು ಅಂದರೆ ಡಿ.ಬಿ. ಕುಪ್ಪೆಯವನು ಅನ್ನು. ಮುಚ್ಚಳ ನೋಡಿ ತಗೋ.