ಒಂದೇ ಶಾಲೆಯ ನೊಬೆಲ್ ಪುರಸ್ಕೃತರು

ಪ್ರಶ್ನೆ: ನ್ಯೂಯಾರ್ಕ್ ನಗರದ ಒಂದೇ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ಹಲವರು ನೊಬೆಲ್ ಪ್ರಶಸ್ತಿ ಪಡೆದಿದ್ದಾರೆಂದು ಕೇಳಿದ್ದೇನೆ. ಇದು ನಿಜವೇ? ಆ ಶಾಲೆಯ ವಿಶೇಷವೇನು?

ಉತ್ತರ: ನಿಜ. ನೀವು ಕೇಳಿರುವುದು 1938ರಲ್ಲಿ ಆರಂಭವಾದ ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್ ಕುರಿತು. ಭೌತವಿಜ್ಞಾನದಲ್ಲಿ ಲಿಯಾನ್ ಕೂಪರ್, ಮೆಲ್ವಿನ್ ಶ್ವಾರ್ಟ್ಸ್, ರಸೆಲ್ ಹಲ್ಸ್, ಡೇವಿಡ್ ಪೊಲಿಟ್ಜರ್, ರಾಯ್ ಗ್ಲಾಬರ್, ರಸಾಯನ ವಿಜ್ಞಾನದಲ್ಲಿ ರಾಬರ್ಟ್ ಲೆಫ್ಕೊವಿಟ್ಜ್ ಈ ಶಾಲೆಯ ಹಳೆಯ ವಿದ್ಯಾರ್ಥಿಗಳು. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಶೆಲ್ಡನ್ ಗ್ಲಾಶೋ ಮತ್ತು ಸ್ಟೀವನ್ ವೈನ್‌ಬರ್ಗ್ ಅವರ ಕಥೆ: 1950ರಲ್ಲಿ ಶಾಲೆ ಮುಗಿಸಿದ ಈ ಸಹಪಾಠಿಗಳು, ದುರ್ಬಲ ಬಲ (ಕೆಲವು ಬಗೆಯ ವಿಕಿರಣಶೀಲತೆಗೆ ಕಾರಣವಾದ, ಪರಮಾಣು ಬೀಜದೊಳಗಿನ ಬಲ) ಮತ್ತು ವಿದ್ಯುತ್ಕಾಂತೀಯ ಬಲಗಳನ್ನು ಒಂದೇ ಸಿದ್ಧಾಂತದಡಿ ತಂದ ಕೆಲಸಕ್ಕಾಗಿ, ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರೊಂದಿಗೆ 1979ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇಲ್ಲಿ ಬೋಧನೆ ಉಚಿತ. ಆದರೆ ಪ್ರವೇಶಕ್ಕೆ ಕಠಿಣ ಪರೀಕ್ಷೆಯಿದೆ. ಆದ್ದರಿಂದ ಈ ಸಾಧನೆಯ ಶ್ರೇಯಸ್ಸನ್ನೆಲ್ಲ ಪಾಠಕ್ಕೇ ಸಲ್ಲಿಸುವುದು ಸರಿಯಾಗದು. ಗಣಿತ, ವಿಜ್ಞಾನಗಳನ್ನು ಮನಸಾರೆ ಪ್ರೀತಿಸುವ ಮಕ್ಕಳು ಒಂದೇ ಕಡೆ ಸೇರಿದಾಗ, ಶಿಕ್ಷಕರಿಂದ ಕಲಿತಷ್ಟನ್ನೇ ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಆರಂಭದಲ್ಲಿ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿದ್ದ ಈ ಶಾಲೆ 1946ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮುಂದೆ ಅಲ್ಲಿಯೇ ಓದಿದ ಕ್ಲಾಡಿಯಾ ಗೋಲ್ಡಿನ್, ದುಡಿಮೆಯ ಲೋಕದಲ್ಲಿ ಮಹಿಳೆಯರ ಸ್ಥಾನಮಾನವನ್ನು ಕುರಿತ ಸಂಶೋಧನೆಗಾಗಿ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು.