ಸ್ಟ್ರೆಸ್ ಎಂಆರ್‌ಐಗೆ ಮುಂಚೆ ಕಾಫಿ ಯಾಕೆ ಬೇಡ?

ಪ್ರಶ್ನೆ: ಹೃದಯದ ಸ್ಟ್ರೆಸ್ ಎಂಆರ್‌ಐಗೆ ಹಿಂದಿನ ದಿನದಿಂದಲೇ ಕಾಫಿ ಬಿಡಿ ಅಂದಿದ್ದಾರೆ. ಬೆಳಿಗ್ಗೆ ಅರ್ಧ ಲೋಟ ಕುಡಿಯದಿದ್ದರೆ ನನಗೆ ತಲೆನೋವು. ಅಷ್ಟಕ್ಕೆ ಏನಾಗುತ್ತೆ?

ಉತ್ತರ: ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ. ಅರ್ಧ ಲೋಟವೂ ಬೇಡ.

ಸುಮ್ನೆ ಮಲಗಿದ್ದಾಗ ಬ್ಲಾಕ್ ಇರುವ ಹೃದಯಕ್ಕೂ ರಕ್ತ ಸಾಲುತ್ತದೆ. ಬ್ಲಾಕ್‌ನಿಂದ ಆಚೆಗಿನ ಸಣ್ಣ ನಾಳಗಳು ಮೊದಲೇ ಹಿಗ್ಗಿ ಹೇಗೋ ಸರಿದೂಗಿಸಿರುತ್ತವೆ. ಹೀಗೆ ಮರೆಯಾಗಿರುವ ಕೊರತೆಯನ್ನು ಹೊರಗೆಳೆಯಲೆಂದೇ ರಕ್ತನಾಳ ಹಿಗ್ಗಿಸುವ ಅಡೆನೊಸಿನ್ ಅನ್ನುವ ಔಷಧಿಯನ್ನು ಮೂರ್ನಾಲ್ಕು ನಿಮಿಷ ಹರಿಸುತ್ತೇವೆ. ಎದೆ ಬಿಗಿಯುತ್ತದೆ, ಮುಖ ಬಿಸಿಯಾಗುತ್ತದೆ, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಆರೋಗ್ಯವಾದ ಕಡೆ ರಕ್ತದ ಹರಿವು ಎರಡು-ಮೂರು ಪಟ್ಟು ಏರುತ್ತದೆ, ಬ್ಲಾಕ್ ಇರುವ ಕಡೆ ಅಷ್ಟು ಏರುವುದಿಲ್ಲ. ಅದೇ ಹೊತ್ತಿಗೆ ಗ್ಯಾಡೊಲಿನಿಯಂ (ಚಿತ್ರದಲ್ಲಿ ರಕ್ತವನ್ನು ಬೆಳ್ಳಗೆ ತೋರಿಸುವ ಔಷಧಿ) ಇಂಜೆಕ್ಷನ್ ಕೊಟ್ಟು ಹೃದಯದ ಮೂರು ಅಡ್ಡ ಪದರಗಳ ಚಿತ್ರವನ್ನು ಬಡಿತ ಬಡಿತಕ್ಕೂ ತೆಗೆಯುತ್ತಾ ಹೋಗುತ್ತೇವೆ. ರಕ್ತ ತಲುಪಿದ ಸ್ನಾಯು ಬೆಳ್ಳಗಾಗುತ್ತದೆ, ತಲುಪದ್ದು ಕಪ್ಪಗೇ ಉಳಿಯುತ್ತದೆ. ಸರಿಯಾದ ಸಾಫ್ಟ್‌ವೇರ್ ಇದ್ದರೆ ಲೆಕ್ಕವೂ ಸಿಗುತ್ತದೆ: ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ವಿಶ್ರಾಂತಿಯಲ್ಲಿ ಸುಮಾರು 1 ಮಿಲಿಲೀಟರ್ ರಕ್ತ, ಔಷಧಿ ಕೊಟ್ಟಾಗ 2ಕ್ಕಿಂತ ಜಾಸ್ತಿ ಬರಬೇಕು.

ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕಾಫಿಯಲ್ಲಿರುವ ಕೆಫೀನ್ ಬಂದು ಕೂತುಬಿಟ್ಟರೆ ನಾಳ ಹಿಗ್ಗುವುದಿಲ್ಲ, ಎಲ್ಲ ಕಡೆ ಹರಿವು ಒಂದೇ ಸಮ ಕಾಣುತ್ತದೆ, ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ, ನೀವು ಬ್ಲಾಕ್ ಸಮೇತ ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ. ನನ್ನ ಭಯ ಇದೇ.

"ಕುಡಿದಿಲ್ಲ ಡಾಕ್ಟ್ರೇ" ಅಂದವರ ಚಿತ್ರದಲ್ಲಿ ನಾನು ಮೊದಲು ನೋಡುವುದು ಹೊಟ್ಟೆಯ ಎಡಗಡೆ ಇರುವ ಗುಲ್ಮವನ್ನು (ಸ್ಪ್ಲೀನ್). ಅಡೆನೊಸಿನ್ ನಾಟಿದ್ದರೆ ಅದಕ್ಕೆ ರಕ್ತ ಕಡಿಮೆಯಾಗಿ ಕಪ್ಪಗಾಗುತ್ತದೆ. ಬೆಳ್ಳಗೇ ಇದ್ದರೆ ಅನುಮಾನ. ಆದರೆ ಎಲ್ಲರ ಚಿತ್ರದಲ್ಲೂ ಗುಲ್ಮ ಸಿಗುವುದಿಲ್ಲ, ಅದನ್ನೇ ನಂಬಿ ಕೂರಲಾಗದು.

ಹಾಗಾಗಿ 24 ಗಂಟೆ ಕಾಫಿ, ಟೀ, ಚಾಕಲೇಟ್, ಕೋಲಾ, ಕೆಫೀನ್ ಬೆರೆತ ತಲೆನೋವಿನ ಮಾತ್ರೆ ಯಾವುದೂ ಬೇಡ. ಕೆಫೀನ್ ತೆಗೆದ ಕಾಫಿ ಅನ್ನುವ ಡಿಕ್ಯಾಫ್‌ನಲ್ಲೂ ಸ್ವಲ್ಪ ಕೆಫೀನ್ ಇರುತ್ತದೆ. ಮರೆತು ಕುಡಿದರೆ ಹೇಳಿಬಿಡಿ, ಇನ್ನೊಂದು ದಿನ ಮಾಡೋಣ, ಯಾರೂ ಬೈಯುವುದಿಲ್ಲ. ಆಸ್ತಮಾ ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ. ಆಸ್ತಮಾಗೆ ಕೊಡುವ ಥಿಯೋಫಿಲಿನ್ ಮಾತ್ರೆಯೂ ಅಡೆನೊಸಿನ್‌ಗೆ ಅಡ್ಡ ಬರುತ್ತದೆ, ಹಾಗಂತ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಪ್ರಶ್ನೆ: ಸ್ಟೆಂಟ್ ಇದೆ, ಎಂಆರ್‌ಐ ಎಳೆದುಬಿಡುತ್ತಾ?

ಉತ್ತರ: ಇಲ್ಲ. ಸ್ಟೆಂಟ್ ಕಾರ್ಡ್ ತನ್ನಿ. ಪೇಸ್‌ಮೇಕರ್ ಆದರೆ ಮಾಡೆಲ್ ನೋಡದೆ ಒಳಗೆ ಬಿಡುವುದಿಲ್ಲ.

ಪ್ರಶ್ನೆ: ಗ್ಯಾಡೊಲಿನಿಯಂ ಕಿಡ್ನಿ ಹಾಳು ಮಾಡುತ್ತಂತೆ?

ಉತ್ತರ: ಕಿಡ್ನಿ ಚೆನ್ನಾಗಿರುವವರು ಈ ಭಯ ಬಿಡಿ. ಡಯಾಲಿಸಿಸ್‌ನಲ್ಲಿದ್ದರೆ ಮೊದಲೇ ಹೇಳಿ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯಕ್ಕೆ ಬ್ಲಾಕ್ ಕರಗುತ್ತಂತೆ. ಸ್ಕ್ಯಾನ್ ಮುಂದಕ್ಕೆ ಹಾಕಲಾ?

ಉತ್ತರ: ಕರಗುವುದಿಲ್ಲ, ಮುಂದಕ್ಕೆ ಹಾಕಬೇಡಿ. ಡ್ರಿಪ್ ಹಾಕಿ ಬ್ಲಾಕ್ ತೊಳೆಯುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ, ಅದು ಶುದ್ಧ ಸುಲಿಗೆ. ಕೂತಲ್ಲೇ ಎದೆನೋವು ಬರುತ್ತಿದ್ದರೆ ಸ್ಕ್ಯಾನ್ ಡೇಟ್ ಕೂಡ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ.